ಕೆಸರಿನಲ್ಲಿದ್ದ ದೊಡ್ಡಮ್ಮ

ನೀರಿಗೂ ಹಸಿವಾಗುತ್ತಿದ್ದ ಕಾಲದ ಮಾತು. ಗುಡ್ಡದ ಬುಡದಲ್ಲಿ ಒಂದು ನದಿಯಿತ್ತಂತೆ. ಬಲು ಸಾಧು. ದಡದವರು ಕೊಟ್ಟದ್ದನ್ನು ತಿಂದು, ತನ್ನಲ್ಲಿದ್ದ ಮೀನು ಕೊಟ್ಟು, ತನ್ನ ಪಾಡಿಗೆ ತಾನು ಹರಿಯುತ್ತಿತ್ತಂತೆ. ಒಂದು ದಿನ ದೂರದೂರಿನವರು ಬಂದು ಅದರ ಕೊರಳಿಗೆ ಕಲ್ಲಿನ ಪಟ್ಟಿ ಬಿಗಿದರು. ಕಟ್ಟಿಹಾಕಿದ ನಾಯಿಯ ಹಾಗೆ ನದಿಯ ಬುದ್ಧಿ ಕೆಟ್ಟಿತು. ಕಂಡದ್ದನ್ನೆಲ್ಲ ನುಂಗತೊಡಗಿತು. ಮನೆ ನುಂಗಿತು, ಮರ ನುಂಗಿತು, ಮಣ್ಣಿನೊಳಗೆ ಮಲಗಿದ್ದ ಒಂದು ಮಗುವನ್ನೂ ನುಂಗಿತು. ಆದರೆ ಎಂಥ ಹೊಟ್ಟೆಬಾಕನೂ ಉಸಿರಿಗೆಂದು ಒಂದು ಸಲ ಬಾಯಿ ತೆರೆಯಲೇಬೇಕಲ್ಲ. ಆ ಹೊತ್ತಿಗೆ ಹತ್ತಿರ ನಿಂತಿದ್ದವಳು ಕೈ ಹಾಕಿ—

“ಎರಡೂ ರೆಕ್ಕೆ ಕಿತ್ತಿದೀಯಲ್ಲೇ ಗೂಬೆ.”

ವೆರ್ನಾಳ ಕೈ ನಿಂತಿತು. ಅಜ್ಜಿಯ ಕತೆಯೂ ಅಲ್ಲೇ ನಿಂತಿತು. ಬೆಳಗಿನಿಂದ ಅವಳು ಅರವತ್ತು ಬಾತುಗಳ ಪುಕ್ಕ ಕಿತ್ತಿದ್ದಳು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಕಿತ್ತು, ಕುಯ್ದು, ಕರುಳು ತೆಗೆದು ಬಕೆಟ್ಟಿಗೆ ಹಾಕುತ್ತಿದ್ದರೆ ಮನಸ್ಸು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಿತ್ತು. ಬೇಟೆ ಕ್ಲಬ್ಬಿನ ಮ್ಯಾನೇಜರ್ ಕ್ರೋಥರ್ ಆ ಬೋಳು ಬಾತನ್ನು ಕಾಲು ಹಿಡಿದು ಎತ್ತಿ ಅವಳ ಮುಖದ ಮುಂದೆ ಆಡಿಸಿದ. ಅದರ ಕೊರಳಿನಿಂದ ಒಂದು ಹನಿ ಅವಳ ತುಟಿಯ ಮೇಲೆ ಬಿತ್ತು.

“ಒಂದು ರೆಕ್ಕೆ ಬಿಡು, ಒಂದು ರೆಕ್ಕೆ ಬಿಡು ಅಂತ ಎಷ್ಟು ಸಲ ಬೊಗಳಲಿ? ಇನ್ಸ್‌ಪೆಕ್ಟರ್ ಬಂದು ಇದು ಯಾವ ಜಾತಿ ಬಾತು ಅಂತ ಕೇಳಿದ್ರೆ ನಿಮ್ಮಪ್ಪ ಬಂದು ಹೇಳ್ತಾನಾ? ನಿಮ್ಮಪ್ಪ ಯಾರು ಅಂತ ನಿಂಗೆ ಗೊತ್ತಿದ್ರೆ ತಾನೇ.”

ಬಾಗಿಲಲ್ಲಿ ನಿಂತಿದ್ದ ಇಬ್ಬರು ಸದಸ್ಯರು ನಕ್ಕರು. ವೆರ್ನಾ ತುಟಿಯನ್ನು ತೋಳಿಗೆ ಒರೆಸಿಕೊಂಡು ಮುಂದಿನ ಬಾತಿಗೆ ಕೈ ಹಾಕಿದಳು. ನಲವತ್ತು ವರ್ಷದ ಹೆಂಗಸು. ಈ ಶೆಡ್ಡಿನಲ್ಲೇ ಹದಿನೇಳು ವರ್ಷದಿಂದ ಬೇಟೆಯವರ ಬಾತು, ಗಾಳದವರ ಮೀನು ಹಸನು ಮಾಡುತ್ತಿದ್ದಳು. ಇಂಥ ಮಾತು ಕಿವಿಯಲ್ಲಿ ನಿಲ್ಲದೆ ಹೊರಗೆ ಹೋಗುವ ದಾರಿ ಯಾವಾಗಲೋ ಸವೆದು ಸಿದ್ಧವಾಗಿತ್ತು.

ನಿಂತದ್ದು ಅದರ ಹಿಂದೆಯೇ ಬಂದ ಮಾತು. ನಾಳೆ ಎಂಟು ಗಂಟೆಗೆ ಜೆಸಿಬಿ ಕೆಲಸ ಶುರು, ಕೆಲಸದವರಿಗೆ ಚಹಾ ಒಯ್ಯಬೇಕು ಎಂದ ಕ್ರೋಥರ್. ಬೇಸಿಗೆಯೆಲ್ಲ ಕೆಳಗಿನ ದ್ರಾಕ್ಷಿ ತೋಟಗಳಿಗೆ ಬಿಟ್ಟು ಬಿಟ್ಟು, ಈ ಶರತ್ಕಾಲಕ್ಕೆ ಕರವಾಂಗ್ ಜಲಾಶಯ ಹಿಂದೆಂದೂ ಇಲ್ಲದಷ್ಟು ಇಳಿದಿತ್ತು. ದೋಣಿ ಇಳಿಸುವ ಇಳಿಜಾರು ನೀರು ಮುಟ್ಟದೆ ಕೆಸರಿಗೆ ಬಂದು ಮುಗಿಯುತ್ತಿತ್ತು. ಸದಸ್ಯರು ಗೊಣಗಿ ಗೊಣಗಿ, ಕೊನೆಗೆ ಇಳಿಜಾರಿನಿಂದ ನಡುನೀರಿನವರೆಗೆ ಒಂದು ಕಾಲುವೆ ತೋಡುವುದೆಂದು ಆಗಿತ್ತು. ವೆರ್ನಾ ಶೆಡ್ಡಿನ ಕಿಟಕಿಯಿಂದ ನೋಡಿದಳು. ಕೆಸರಿನ ಮೇಲೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದ ಗೂಟಗಳು ಸಾಲಾಗಿ ನಡೆದುಹೋಗಿದ್ದವು. ಮೂರನೆಯ ಗೂಟ, ಬಳೆಯ ಹಾಗೆ ಸುತ್ತಲೂ ಒತ್ತಿಟ್ಟಿದ್ದ ಕಪ್ಪೆಚಿಪ್ಪುಗಳ ನಟ್ಟನಡುವೆ ನಿಂತಿತ್ತು.

ಅಲ್ಲಿ ಬೇಡ ಸಾರ್, ಅಲ್ಲಿ ನಮ್ಮವರಿದ್ದಾರೆ ಎಂದಳು.

“ನಿಮ್ಮೋರು ಎಲ್ಲಿಲ್ಲ ಹೇಳು,” ಎಂದ ಕ್ರೋಥರ್. “ನಾನು ಉಚ್ಚೆ ಹುಯ್ಯೋಕೆ ಹೋದ ಕಡೆಯೆಲ್ಲ ನಿಮ್ಮ ಮುತ್ತಾತ ಎದ್ದು ಕೂತಿರ್ತಾನೆ.”

* * *

ಆ ಚಿಪ್ಪಿನ ಬಳೆಯ ಒಳಗಿದ್ದವಳು ವೆರ್ನಾಳ ದೊಡ್ಡಮ್ಮ. ತಾಯಿಯ ಅಕ್ಕ. ವಯಸ್ಸು ಎರಡು ವರ್ಷ.

ಜಲಾಶಯ ತುಂಬುವ ಮೊದಲು ಅಲ್ಲಿ ಪಾದ್ರಿಗಳ ಮಿಷನ್ ಕೇರಿಯಿತ್ತು. ವೆರ್ನಾಳ ಕುಲದವರಾದ ನದಿಯ ಜನರನ್ನೆಲ್ಲ ಬಿಳಿಯರು ತಂದು ಅಲ್ಲಿ ತಗಡಿನ ಕೆಳಗೆ ಕೂಡಿಹಾಕಿದ್ದರು. ಒಂದು ಚಳಿಗಾಲ ಕೆಮ್ಮು ಬಂದು ಮಕ್ಕಳು ಸತ್ತವು. ವೆರ್ನಾಳ ಅಜ್ಜಿ, ಆಗಿನ್ನೂ ಇಪ್ಪತ್ತರ ಹುಡುಗಿ, ತನ್ನ ಚೊಚ್ಚಲು ಮಗಳನ್ನು ಹಿಟ್ಟಿನ ಚೀಲದಲ್ಲಿ ಸುತ್ತಿ ಎರಡು ನೀಲಗಿರಿ ಮರಗಳ ನಡುವೆ ಮಲಗಿಸಿ, ಸುತ್ತ ನದಿಯ ಕಪ್ಪೆಚಿಪ್ಪುಗಳನ್ನು ಬೋರಲು ಹಾಕಿ ಒತ್ತಿದಳು. ಮರುವರ್ಷ ಅಣೆಕಟ್ಟಿನ ಗುಮಾಸ್ತ ಬಂದ. ಮರದ ಕೆಳಗೆ ಮೇಜು ಹಾಕಿಕೊಂಡು, ಯಾರ್ಯಾರ ಗೋರಿಗಳಿವೆ, ಸತ್ತವರ ಹೆಸರು ಹೇಳಿದರೆ ತೆಗೆದು ಪಟ್ಟಣದ ಸ್ಮಶಾನಕ್ಕೆ ಸಾಗಿಸುತ್ತೇವೆ ಎಂದ.

ಹೆಸರು ಹೇಳುವುದೇ ಆಗದ ಮಾತಾಗಿತ್ತು. ನದಿಯ ಜನ ಸತ್ತವರ ಹೆಸರನ್ನು ಬಾಯಿಂದ ತೆಗೆಯುವುದಿಲ್ಲ. ಉಸಿರು ಹೋದ ದಿನವೇ ಹೆಸರನ್ನೂ ಮಡಿಸಿ ಇಟ್ಟುಬಿಡುತ್ತಾರೆ. ಅದೇ ಹೆಸರಿನ ಇನ್ನೊಂದು ಹುಡುಗಿ ಕೇರಿಯಲ್ಲಿದ್ದರೆ ಅವಳಿಗೂ ಅಂದಿನಿಂದ ಬೇರೆ ಹೆಸರು. ಕರೆದರೆ, ಹೊರಟವರು ಅರ್ಧ ದಾರಿಯಲ್ಲಿ ತಿರುಗಿ ನಿಲ್ಲುತ್ತಾರೆ. ಗುಮಾಸ್ತ ಮೂರು ಸಲ ಕೇಳಿದ. ಅಜ್ಜಿ ಮೂರು ಸಲವೂ ತನ್ನ ಕಾಲ್ಬೆರಳು ನೋಡುತ್ತ ನಿಂತಳು. ಅವನು ಅವಳ ಮುಂದೆ ‘ಇಲ್ಲ’ ಎಂದು ಬರೆದು ಮುಂದಿನವಳನ್ನು ಕರೆದ. ಅವಳೂ ಕಾಲ್ಬೆರಳು ನೋಡಿದಳು. ಕೊನೆಗೆ ಲಾರಿಯಲ್ಲಿ ಹೋದದ್ದು ಮಿಷನ್ನಿನ ಬಿಳಿಯರ ಹತ್ತೊಂಬತ್ತು ಶವಪೆಟ್ಟಿಗೆ. ನೀರು ಬಂತು.

ಎರಡು ವರ್ಷದ ಹಿಂದೆ ಅಜ್ಜಿ, ಈಗಿನ ಕೇರಿಯ ಗುಡ್ಡದ ಮೇಲೆ ತನ್ನ ಗೋರಿಗೊಂದು ಜಾಗ ನೋಡಿಟ್ಟುಕೊಂಡು, ಕಣ್ಣು ಮುಚ್ಚುವಾಗ ವೆರ್ನಾಳ ಮಣಿಕಟ್ಟು ಹಿಡಿದುಕೊಂಡಿದ್ದಳು. ನೀರು ಬಾಯಿ ಬಿಟ್ಟಾಗ ನಿನ್ನ ದೊಡ್ಡಮ್ಮನ್ನ ಮೇಲೆ ತಂದು ನನ್ನ ಮಗ್ಗುಲಿಗೆ ಹಾಕು ಎಂದಿದ್ದಳು. ವೆರ್ನಾ ಹೂಂ ಎಂದಿದ್ದಳು. ಆಮೇಲೆ ಎರಡು ಶರತ್ಕಾಲ ಶೆಡ್ಡಿನ ಕಿಟಕಿಯಿಂದ ನೀರನ್ನೇ ಅಳೆಯುತ್ತ ಕೂತಿದ್ದಳು. ಕಳೆದ ತಿಂಗಳು ಮಿಷನ್ ಅಡಿಗೆಮನೆಯ ಹೊಗೆಗೂಡು ಮೇಲೆ ಬಂತು. ಆಮೇಲೆ ಸತ್ತ ನೀಲಗಿರಿಗಳ ಬೊಡ್ಡೆ. ಹದಿನೈದು ದಿನದ ಹಿಂದೆ, ದಡದ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿಯ ತಂಗಿ ಮೇವಿಸ್ ಬೆರಳು ತೋರಿಸಿದಳು. ಬೂದುಬಣ್ಣದ ಕೆಸರಿನಲ್ಲಿ ಬೆಳ್ಳಗೆ ಒಂದು ಬಳೆ.

ಇನ್ನೊಂದು ವಾರ ಒಣಗಲಿ, ಈಗ ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುತ್ತೇವೆ ಎಂದುಕೊಂಡು ಇಬ್ಬರೂ ದಡದಿಂದ ಅಲ್ಲಿಯವರೆಗೆ ಹಳೆಯ ಹಲಗೆ, ಮುರಿದ ಬಾಗಿಲು ಹಾಸುತ್ತ ಬಂದಿದ್ದರು.

ಈಗ ವಾರವಿರಲಿಲ್ಲ. ನಾಳೆ ಬೆಳಿಗ್ಗೆ ಎಂಟು ಗಂಟೆ ಇತ್ತು.

* * *

ಕೈಯ ರಕ್ತ ತೊಳೆದು ವೆರ್ನಾ ಆ ಶುಕ್ರವಾರ ಮಧ್ಯಾಹ್ನವೇ ಮೇವಿಸ್ ಚಿಕ್ಕಜ್ಜಿಯನ್ನು ಹಳೆಯ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಪಟ್ಟಣದ ನೀರಿನ ಕಚೇರಿಗೆ ಹೋದಳು. ಗಾಜಿನ ಹಿಂದಿದ್ದ ಅಧಿಕಾರಿ ಫೆಂಟನ್ ಬಲು ಮರ್ಯಾದಸ್ಥ. ಅವನ ತಲೆಯ ಮೇಲೆ, ಈ ನೆಲದ ಮೂಲ ಒಡೆಯರಿಗೆ ನಮ್ಮ ಗೌರವ ಎಂದು ಬರೆದ ಚೌಕಟ್ಟು ನೇತುಹಾಕಿದ್ದರು. ಅವನು ಹಳೆಯ ಪಟ್ಟಿ ತೆಗೆಸಿ ನೋಡಿದ. ಆ ಜಾಗ ಖಾಲಿ ಎಂದಿದೆ, ನಿಮ್ಮ ಅಜ್ಜಿಯೇ ಇಲ್ಲ ಎಂದಿದ್ದಾರೆ ಎಂದ. ಹೇಳಲಿಲ್ಲ, ಸುಮ್ಮನಿದ್ದಳು ಎಂದಳು ವೆರ್ನಾ. ಎರಡಕ್ಕೂ ಕಾಗದದ ಮೇಲೆ ವ್ಯತ್ಯಾಸವಿಲ್ಲ ಎಂದು ಅವನು ನಿಜವಾಗಿಯೂ ಬೇಸರದಿಂದಲೇ ಹೇಳಿ ಒಂದು ಅರ್ಜಿ ಸರಿಸಿದ. ಮೊದಲ ಸಾಲು: ಮೃತರ ಪೂರ್ಣ ಹೆಸರು.

ವೆರ್ನಾಳಿಗೆ ಗೊತ್ತಿರಲಿಲ್ಲ. ಅಜ್ಜಿ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ಲೋಕದಲ್ಲಿ ಉಳಿದಿದ್ದವರಲ್ಲಿ ಆ ಹೆಸರು ಗೊತ್ತಿದ್ದದ್ದು ಚಿಕ್ಕಜ್ಜಿ ಒಬ್ಬಳಿಗೇ.

“ನನ್ನ ಬಾಯಲ್ಲಿ ತೆಗಿಸ್ಬ್ಯಾಡ ಕಣವ್ವ,” ಎಂದಳು ಮೇವಿಸ್, ಕೇಳುವ ಮೊದಲೇ.

ವೆರ್ನಾ ಅವಳನ್ನು ಗೋಡೆಯ ಹತ್ತಿರ ಕರೆದೊಯ್ದಳು. ಕಾಲು ಹಿಡಿಯುವುದೊಂದು ಬಾಕಿ. ಒಂದು ಮಾತು ಚಿಕ್ಕಜ್ಜಿ, ಒಂದೇ ಮಾತು, ನಾಳೆ ಆ ಜೆಸಿಬಿ ಅವಳನ್ನ ಬಕೆಟ್ಟಿನಲ್ಲಿ ಬಾಚಿ ದಡಕ್ಕೆ ಎಸೆಯುತ್ತೆ, ಕಾಗೆ ಕೆದಕುತ್ತೆ, ನಿನ್ನ ಅಕ್ಕನಿಗೆ ನಾನು ಮಾತು ಕೊಟ್ಟಿದೀನಿ ಎಂದಳು. ಹೇಳುತ್ತ ಹೇಳುತ್ತ ಸಿಟ್ಟೂ ಬಂತು. ನಿಮ್ಮ ಈ ಸುಮ್ಮನಿರುವಿಕೆಯಿಂದಲೇ ಅವಳು ಅರವತ್ತು ವರ್ಷ ನೀರಲ್ಲಿ ಬಿದ್ದಿದ್ದು ಎಂದುಬಿಟ್ಟಳು. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು.

ಮೇವಿಸ್ ನೋಯುವ ಮಂಡಿಗಳ ಮೇಲೆ ಗಾಜಿನ ಹತ್ತಿರ ನಡೆದುಹೋದಳು. ತಲೆಯ ಟೋಪಿ ತೆಗೆದಳು. ಕಣ್ಣು ಮುಚ್ಚಿ, ಗಾಜಿನ ತೂತಿಗೆ ಬಾಯಿಟ್ಟು, ಆ ಹೆಸರು ಹೇಳಿದಳು.

“ಸಾರಿ ಅಮ್ಮ, ಕೇಳಿಸ್ಲಿಲ್ಲ,” ಎಂದ ಫೆಂಟನ್. “ಇನ್ನೊಂದ್ಸಲ ಸ್ವಲ್ಪ ಜೋರಾಗಿ ಹೇಳಿ.”

ಚಿಕ್ಕಜ್ಜಿ ಇನ್ನೊಂದು ಸಲ ಹೇಳಿದಳು. ಜೋರಾಗಿ. ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸಿತು. ಅದು ಒಂದು ಹೂವಿನ ಹೆಸರು, ಅಷ್ಟೇ. ಈ ಕತೆ ಹೇಳುವ ಬಾಯಿಂದ ಅದು ಬರುವುದಿಲ್ಲ.

ಫೆಂಟನ್ ಅದನ್ನು ಟೈಪು ಮಾಡಿ, ಕಾದು, ತಲೆಯಾಡಿಸಿದ. ಜನನದ ದಾಖಲೆಯಲ್ಲಿ ಇಲ್ಲ, ಮರಣದ ದಾಖಲೆಯಲ್ಲೂ ಇಲ್ಲ. ಆದರೂ ಅರ್ಜಿಯನ್ನು ಮುಂದಕ್ಕೆ ಕಳಿಸುತ್ತೇನೆ, ಮೂವತ್ತು ಕೆಲಸದ ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಕ್ಲಬ್ಬಿನ ಕೆಲಸ ತಡೆಯಲು ತನಗೆ ಅಧಿಕಾರವಿಲ್ಲ ಎಂದ. ಹಾಂ, ತಾವಾಗಿ ಅಲ್ಲಿ ಏನನ್ನೂ ಅಗೆಯಬೇಡಿ, ಅದು ಅಪರಾಧವಾಗುತ್ತದೆ ಎಂದೂ ಸೇರಿಸಿದ. ನಾಲ್ಕೂವರೆಗೆ ಗಾಜಿನ ಹಿಂದೆ ಪರದೆ ಎಳೆದರು.

ಗಾಡಿಯಲ್ಲಿ ಮೇವಿಸ್ ತೆಗೆದ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ವೆರ್ನಾ ಕ್ಷಮಿಸು ಎಂದರೂ ಅವಳಿಗೆ ಕೇಳಿಸಲಿಲ್ಲ.

“ಎರಡ್ಸಲ ಕರೆದ್ಬಿಟ್ಟೆ ಕೂಸೇ. ನಿದ್ದೇಲಿದ್ಲು. ಈಗ ಎದ್ದು ಕೂತಿರ್ತಾಳೆ, ಯಾರೋ ಕರೆದ್ರು ಅಂತ. ಕೆಸರಲ್ಲಿ ಒಬ್ಳೇ.”

ಅಲ್ಲಿಗೆ ಮೂವತ್ತು ದಿನದ ಮಾತು ಮುಗಿಯಿತು. ಎದ್ದು ಕೂತ ಮಗುವನ್ನು ಮೂವತ್ತು ದಿನ ಕಾಯಿಸುವವರು ಯಾರು?

* * *

ಶನಿವಾರ ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆ, ಕಾನೂನು ಒಪ್ಪಿದ ಹೊತ್ತಿಗೆ ಸರಿಯಾಗಿ ಬಂದೂಕುಗಳು ಶುರುವಾದವು. ಕೆಸರಿನ ಅಂಚಿನುದ್ದಕ್ಕೂ ಸದಸ್ಯರು ಹೊಂಚುಗುಂಡಿ ತೋಡಿಕೊಂಡು ಕೂತಿದ್ದರು. ಬಾತುಗಳು ಉಳಿದಿದ್ದ ನಡುನೀರಿನಿಂದ ಏಳುತ್ತಿದ್ದವು, ಅರ್ಧ ಅಲ್ಲೇ ಬೀಳುತ್ತಿದ್ದವು. ಬಂದೂಕಿನ ಚರೆ ಕಾಳುಗಳು ಮುಗಿಲಿಗೆ ಹೋಗಿ, ಸುಸ್ತಾಗಿ, ಆಲಿಕಲ್ಲಿನ ಹಾಗೆ ಕೆಸರಿನ ಮೇಲೆ ಉದುರುತ್ತಿದ್ದವು.

ವೆರ್ನಾ ಹಲಗೆಯ ಮೇಲೆ ಮಂಡಿಯೂರಿ ಮೂರನೆಯ ಗೂಟ ಕಿತ್ತು ಪಕ್ಕಕ್ಕಿಟ್ಟಳು. ಚಿಕ್ಕಜ್ಜಿ ಒಂದು ಬಕೆಟ್ಟಿನಲ್ಲಿ ಕೆಂಡ ಹಾಕಿ ಹಸಿ ನೀಲಗಿರಿ ಸೊಪ್ಪು ಮುಚ್ಚಿದಳು. ಹೊಗೆ ಬಿಳಿಯಾಗಿ, ದಪ್ಪವಾಗಿ ಎದ್ದಿತು. ಮಗು ಹೆದರದಿರಲಿ, ದಾರಿ ಕಾಣಲಿ ಎಂದು. ಹೊಂಚುಗುಂಡಿಯೊಂದರಿಂದ ಯಾರೋ, ಯಾವ ಬೇವರ್ಸಿ ಅಲ್ಲಿ ಒಲೆ ಹಚ್ಚಿದ್ದು, ಹಕ್ಕಿ ಹೆದರ್ತಾವೆ ಎಂದು ಬೈದ.

ಸನಿಕೆ ಎರಡಡಿ ಇಳಿಯಿತು. ಆಮೇಲೆ ವೆರ್ನಾ ಸನಿಕೆ ಬಿಟ್ಟು ಕೈ ಹಾಕಿದಳು. ಭುಜದವರೆಗೆ ತಣ್ಣನೆಯ ಜೇಡಿ. ಬೆರಳಿಗೆ ಬೇರು ಸಿಕ್ಕಿತು, ಬಿಟ್ಟಳು. ಕಲ್ಲು ಸಿಕ್ಕಿತು, ಬಿಟ್ಟಳು. ಆಮೇಲೆ ಒಂದು ಎಲುಬು. ಹದಿನೇಳು ವರ್ಷ ಎಲುಬು ಮುಟ್ಟಿದ ಬೆರಳುಗಳವು. ಬಾತಿನದು ಟೊಳ್ಳು, ಹಗುರ. ಮೀನಿನದು ಮೊನೆ. ಕುರಿಯದು ಒರಟು. ಇದು ಅವಳು ಹಿಂದೆಂದೂ ಮುಟ್ಟದ ಎಲುಬು. ತುಂಬಿದ ತೂಕದ, ನುಣುಪಾದ, ಗೇಣಿಗಿಂತ ಚಿಕ್ಕದು.

“ಸಿಕ್ಕಿದ್ಲು,” ಎಂದಳು.

ಚಿಕ್ಕಜ್ಜಿ ಒಗೆದ ದಿಂಬಿನ ಚೀಲ ಹಿಡಿದಳು. ಒಂದೊಂದಾಗಿ ಒಳಗೆ ಹೋದವು. ಬೆರಳೆಲುಬುಗಳು ಅಕ್ಕಿಕಾಳಿನಷ್ಟಿದ್ದವು. ಅವನ್ನು ವೆರ್ನಾ ಹಿಟ್ಟಿನ ಜರಡಿಯಲ್ಲಿ ಕೆಸರು ತೊಳೆದು ತೊಳೆದು ಹುಡುಕಿದಳು. ಅದಕ್ಕೇ ಹೊತ್ತು ಹೋಯಿತು. ತಲೆಬುರುಡೆ ಕೈಗೆ ಬರುವಷ್ಟರಲ್ಲಿ ಇಳಿಜಾರಿನ ಮೇಲೆ ಜೆಸಿಬಿಯ ಸದ್ದು ಕೇಳಿಸಿತು.

ಕ್ರೋಥರ್ ಹಲಗೆಯ ಮೇಲೆ ದಾಪುಗಾಲು ಹಾಕುತ್ತ ಬಂದ. ಒಬ್ಬರು ನಡೆಯುವಷ್ಟೇ ಅಗಲದ ಹಾದಿ. ಅದರ ನಡುವೆ ನಿಂತು, ಹೊರಗೆ ಬಾ, ನಿನ್ನ ಕೆಲಸ ಹೋಯ್ತು, ಪೊಲೀಸಿಗೆ ಫೋನ್ ಮಾಡಿದೀನಿ ಎಂದ. ವೆರ್ನಾ ಆ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ತೋರಿಸಿದಳು. ಅವನು ಒಂದು ಗಳಿಗೆ ನೋಡಿದ.

“ಕುರಿಮರಿದು,” ಎಂದ. ತಿರುಗಿ ಕೂಗಿದ, “ಏಯ್ ಡೆಸ್, ಬಕೆಟ್ ಇಳಿಸೋ.”

ಜೆಸಿಬಿ ಓಡಿಸುತ್ತಿದ್ದವನು ಡೆಸ್, ವೆರ್ನಾಳ ಚಿಕ್ಕಪ್ಪನ ಮಗ. ಅವನು ಹಲಗೆಯ ತುದಿಯಲ್ಲಿದ್ದ ತಂಗಿಯನ್ನು ನೋಡಿದ, ಹೊಗೆ ನೋಡಿದ, ಎಂಜಿನ್ ನಿಲ್ಲಿಸಿದ.

“ಹೊಟ್ಟೆ ಕೆಟ್ಟದೆ ಸಾರ್.”

“ಈಗ್ಲಾ?”

“ಅದು ಟೈಮ್ ಕೇಳ್ಕಂಡ್ ಬತ್ತದಾ ಸಾರ್.” ಕೀಲಿ ಜೇಬಿಗೆ ಹಾಕಿಕೊಂಡು, ಸೀಟಿನಲ್ಲಿದ್ದ ಪೇಪರನ್ನು ಕಂಕುಳಿಗೆ ಸೇರಿಸಿ, ಕ್ಲಬ್ಬಿನ ಕಕ್ಕಸಿಗೆ ನಿಧಾನವಾಗಿ ನಡೆದುಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡ. ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ.

ಕ್ರೋಥರ್ ಹೊಗೆಯ ಬಕೆಟ್ಟನ್ನು ಒದ್ದ. ಅದು ಕೆಸರಿಗೆ ಬಿದ್ದು ಚುಂಯ್ ಎಂದು ಆರಿತು. ಚೀಲ ಅಲ್ಲಿಡು, ಇಟ್ಟರೆ ದಾರಿ ಬಿಡುತ್ತೇನೆ ಎಂದ. ವೆರ್ನಾ ಬುರುಡೆಯನ್ನು ಚೀಲದೊಳಗಿಟ್ಟು ಬಾಯಿ ಗಂಟು ಹಾಕಿದಳು.

“ಇವಳು ನಮ್ಮ ದೊಡ್ಡಮ್ಮ ಕಣಯ್ಯ. ಹಿರೀಕಳು. ದಾರಿ ಬಿಟ್ಟು ನಿಂತ್ಕೊ.”

ಅವನು ಬಿಡಲಿಲ್ಲ. ವೆರ್ನಾ ಹಲಗೆಯಿಂದ ಇಳಿದಳು.

ಮೊದಲ ಹೆಜ್ಜೆ ಮಂಡಿಯವರೆಗೆ. ಎರಡನೆಯದು ತೊಡೆಯವರೆಗೆ. ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದು ಹೆಜ್ಜೆ ಹೆಜ್ಜೆಗೂ ಕಾಲು ಕಿತ್ತು ಕಿತ್ತು ನಡೆದಳು. ದಡ ನೂರು ಮಾರು ದೂರ. ಹಿಂದೆ ಕ್ರೋಥರ್ ಬೈಯುತ್ತಿದ್ದ. ಚಿಕ್ಕಜ್ಜಿ ಅವನ ಕಾಲು ಹಿಡಿದುಕೊಂಡು ಹಲಗೆಗೆ ಅಡ್ಡಲಾಗಿ ಕೂತುಬಿಟ್ಟಿದ್ದಳು, ಅವನು ತನ್ನ ದುಬಾರಿ ಬೂಟನ್ನು ಕೆಸರಿಗಿಳಿಸುವ ಮನಸ್ಸು ಮಾಡಲಿಲ್ಲ. ನಡುದಾರಿಯಲ್ಲಿ ಬಾತುಗಳ ಒಂದು ಹಿಂಡು ತಲೆಯ ಮೇಲೆ ಹಾದಿತು. ಹೊಂಚುಗುಂಡಿಗಳು ಒಟ್ಟಿಗೆ ಸಿಡಿದವು. ಚರೆಗಳು ಅವಳ ಹೆಗಲಿಗೆ, ಚೀಲಕ್ಕೆ ಟಪಟಪ ಬಿದ್ದವು. ಅವಳು ಚೀಲವನ್ನು ಎದೆಗಿಳಿಸಿ ಬೆನ್ನು ಬಾಗಿಸಿದಳು. ನಿಂತದ್ದೇ ತಪ್ಪಾಯಿತು. ಕಾಲು ಹೂತು ಕೆಸರು ಸೊಂಟಕ್ಕೆ ಬಂತು. ಕಿತ್ತರೂ ಬರಲಿಲ್ಲ. ಕಿತ್ತಷ್ಟೂ ಇಳಿಯಿತು.

ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಮೂರು ಗುಂಡಿಗಳಿದ್ದವು. ಒಂದರಲ್ಲಿ ಒಬ್ಬ ಫೋನು ಹಿಡಿದು ಚಿತ್ರ ತೆಗೆಯುತ್ತಿದ್ದ. ಯಾರೂ ಏಳಲಿಲ್ಲ. ಇಲ್ಲೇ ಮುಗಿಯಿತೇನೋ, ಇಬ್ಬರೂ ಇಲ್ಲೇ, ಮಳೆ ಬಂದ ಮೇಲೆ ನೀರು ಮುಚ್ಚಿಕೊಳ್ಳುತ್ತದೆ ಎಂದು ವೆರ್ನಾಳಿಗೆ ಅನ್ನಿಸಿತು. ಅಳು ಬಂತು. ಅಳುವಾಗ ಎದೆಗೆ ಒತ್ತಿದ್ದ ಚೀಲದೊಳಗೆ ಎಲುಬುಗಳು ಒಂದಕ್ಕೊಂದು ತಾಕಿದ ಸದ್ದಾಯಿತು.

ಚೀಲದ ಗಂಟನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಎರಡೂ ಕೈ ಚಾಚಿ, ಕೆಸರಿನ ಮೇಲೆ ಹೊಟ್ಟೆ ಹಾಸಿ ಮಲಗಿದಳು. ಮಲಗಿದವಳನ್ನು ಕೆಸರು ಅಷ್ಟು ಸುಲಭವಾಗಿ ನುಂಗಲಿಲ್ಲ. ಒಂದು ಕಾಲು ಬಿಡಿಸಿಕೊಂಡಿತು, ಆಮೇಲೆ ಇನ್ನೊಂದು. ಮೊಣಕೈಯಲ್ಲಿ ತೆವಳತೊಡಗಿದಳು.

“ನೋಡ್ರೋ, ಕ್ರೋಥರ್ ಹೊಸ ನಾಯಿ ತಂದವ್ನೆ,” ಎಂದ ಗುಂಡಿಯೊಳಗಿನವನು. “ಎಷ್ಟ್ ಚೆನ್ನಾಗಿ ಕಚ್ಕೊಂಡ್ ಬರ್ತದೆ.”

ನಗು ಕೆಸರಿನ ಮೇಲೆ ಬಹಳ ದೂರ ಹೋಯಿತು. ವೆರ್ನಾ ಅವರ ಬೂಟುಗಳ ಪಕ್ಕದಲ್ಲೇ, ಅವರ ಸತ್ತ ಬಾತುಗಳ ಪಕ್ಕದಲ್ಲೇ ಹಲ್ಲು ಸಡಿಲಿಸದೆ ಹಾದುಹೋದಳು.

* * *

ಹಲಗೆ ದಾಟಿ ಬಂದ ಚಿಕ್ಕಜ್ಜಿಯನ್ನು ಗಾಡಿಗೆ ಹತ್ತಿಸಿಕೊಂಡು ವೆರ್ನಾ ಅಜ್ಜಿಯ ಗುಡ್ಡಕ್ಕೆ ಬಂದಳು. ಗುಡ್ಡದ ಮಣ್ಣು ಕಲ್ಲಿನಂತಿತ್ತು. ಸನಿಕೆ ಕೆಸರಿನಲ್ಲೇ ಉಳಿದಿತ್ತು. ವೆರ್ನಾ ಗಾಡಿಯ ಚಕ್ರದ ಮುಚ್ಚಳ ಕಿತ್ತು ಅದರಿಂದ ಕೆರೆಯತೊಡಗಿದಳು. ಅಜ್ಜಿಯ ಮಗ್ಗುಲಲ್ಲಿ, ಅಜ್ಜಿಯ ತೋಳು ಇರಬಹುದಾದ ಕಡೆ. ಮೈಮೇಲಿನ ಕೆಸರು ಒಣಗಿ ಬಿರಿದು ಬೂದಿಯಂತೆ ಉದುರುತ್ತಿತ್ತು. ಮೊಣಕೈಗಳಲ್ಲಿ ಚರ್ಮ ಉಳಿದಿರಲಿಲ್ಲ.

ಕುಣಿ ಮೊಣಕಾಲುದ್ದ ಆಗುವಷ್ಟರಲ್ಲಿ ಪೊಲೀಸ್ ಕಾರು ಬಂತು. ಇಳಿದ ಪೇದೆ, ಮನುಷ್ಯರ ಅವಶೇಷ, ಅನುಮತಿಯಿಲ್ಲ, ತಾವು ಈಗಲೇ ನಿಲ್ಲಿಸಬೇಕು, ಚೀಲ ತನಗೆ ಒಪ್ಪಿಸಬೇಕು ಎಂದು ಹೇಳಿದ. ವೆರ್ನಾ ಕೆರೆಯುತ್ತಲೇ ಇದ್ದಳು. ಅವನು ಹತ್ತಿರ ಬಂದು ಅವಳ ಭುಜದ ಮೇಲೆ ಕೈಯಿಟ್ಟ. ಆ ಕೈಯನ್ನು ಚಿಕ್ಕಜ್ಜಿ ಎತ್ತಿ ಪಕ್ಕಕ್ಕಿಟ್ಟಳು.

“ಸೊಲ್ಪ ತಡಿಯಪ್ಪ. ಎಲ್ಲಿಗೂ ಓಡೋಗಾಕಿಲ್ಲ. ನನ್ನ ಮಂಡಿ ನೋಡಿದ್ಯಾ.”

ಅವನು ಕಾರಿನ ಹತ್ತಿರ ಹೋಗಿ ವೈರ್‌ಲೆಸ್ಸಿನಲ್ಲಿ ಇನ್ನೊಬ್ಬರನ್ನು ಕರೆದ. ಅವರು ಬರುವುದಕ್ಕೆ ಇಪ್ಪತ್ತು ನಿಮಿಷ. ಅಷ್ಟು ಸಾಕಾಯಿತು.

ಚೀಲವನ್ನು ವೆರ್ನಾ ತಾನೇ ಇಳಿಸಿದಳು. ಇಳಿಸಿದ ಮೇಲೂ ಕೈ ತೆಗೆಯಲಾಗಲಿಲ್ಲ. ಒಂದು ಗಳಿಗೆ ಮೊಣಕೈವರೆಗೆ ಕುಣಿಯೊಳಗೇ ಇಟ್ಟುಕೊಂಡು ಕೂತಳು. ಆಮೇಲೆ ತೆಗೆದಳು. ಚಿಕ್ಕಜ್ಜಿ ಮಡಿಲು ತುಂಬ ಮಣ್ಣನ್ನು ತನ್ನ ಲಂಗದಲ್ಲಿ ಬಾಚಿ ತಂದು ಸುರಿದಳು. ವೆರ್ನಾ ಅಂಗೈಯಿಂದ ನೂಕಿದಳು, ಒತ್ತಿದಳು, ತಟ್ಟಿದಳು. ಮಲಗಿಸುವಾಗ ಮಕ್ಕಳ ಬೆನ್ನು ತಟ್ಟುವಷ್ಟೇ ಮೆಲ್ಲಗೆ.

ಚಿಕ್ಕಜ್ಜಿ ಎಲೆಯಿದ್ದ ಒಂದು ಟೊಂಗೆ ಮುರಿದುಕೊಂಡು ಬಂದಳು. ಎದ್ದ ಮಗು ಹೆಜ್ಜೆ ನೋಡಿಕೊಂಡು ಹಿಂದೆ ಬರಬಾರದು. ಗೋರಿಯಿಂದ ಹಿಮ್ಮುಖವಾಗಿ ಗುಡಿಸುತ್ತ ನಡೆದಳು. ವೆರ್ನಾಳ ಕೆಸರು ಕಾಲಿನ ಗುರುತು ಗುಡಿಸಿದಳು, ತನ್ನ ಬೂಟಿನ ಗುರುತು ಗುಡಿಸಿದಳು. ಪೇದೆಗೆ ಕಾಲೆತ್ತು ಎಂದಳು. ಅವನು ಯಾಕೋ ಎತ್ತಿದ. ಅವನ ಹೆಜ್ಜೆಯನ್ನೂ ಗುಡಿಸಿದಳು. ಪೊಲೀಸ್ ಕಾರಿನ ಬಾಗಿಲವರೆಗೂ ಗುಡಿಸಿ, ಟೊಂಗೆಯನ್ನು ದೂರ ಎಸೆದು, ಹಿಂದಿನ ಸೀಟಿನಲ್ಲಿ ಮೊದಲು ತಾನೇ ಹೋಗಿ ಕೂತಳು.

ವೆರ್ನಾ ಅವಳ ಪಕ್ಕದಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಗುಡ್ಡದ ಮೇಲೆ ಯಾರೂ ನಡೆದುಹೋದ ಗುರುತಿರಲಿಲ್ಲ.